ಎರಡೂ ಕಣ್ಣು ಕಾಣುವ ಹುಲಿ

ಮೂರು ವರ್ಷದ ಹಿಂದೆ ನಾನು ಬಂಟ್ವಾಳದ ಒಂದು ಸ್ಟುಡಿಯೊದಲ್ಲಿ ಮದುವೆ ಫೋಟೊಗ್ರಾಫರ್. ರಜೆ ಸಿಕ್ಕಿದರೆ ನಾಗರಹೊಳೆಗೆ ಹೋಗಿ ಹುಲಿಯ ಪೋರ್ಟ್ರೇಟಿಗೆ ಕಾಯುತ್ತಿದ್ದೆ. ಪೋರ್ಟ್ರೇಟ್ ಎಂದರೆ ಕಾಡು, ಬಾಲ ಎಲ್ಲ ಬಿಟ್ಟು ಮುಖವೊಂದೇ ತುಂಬಿದ ಚಿತ್ರ. ಮದುಮಗಳಿಗಾದರೆ ‘ಸ್ವಲ್ಪ ಗಲ್ಲ ಎತ್ತಿ’ ಎನ್ನಬಹುದು. ಹುಲಿಗೆ ಹೇಳುವವರು ಯಾರು?

ನನ್ನ ಇನ್ನೊಂದು ಕಸುಬು ಮಿಮಿಕ್ರಿ. ಪುರೋಹಿತರು, ನಮ್ಮ ಓನರ್, ಆಲ್ಬಮ್ ನೋಡಿ ‘ನಾನು ಇಷ್ಟು ದಪ್ಪ ಇಲ್ಲ’ ಎನ್ನುವ ಮಾವಂದಿರು, ಯಾರನ್ನೂ ಬಿಟ್ಟವನಲ್ಲ. ಹೆಚ್ಚು ಸಲ ಸಿಕ್ಕಿಬಿದ್ದವರು ತೋಡಾರಿನ ಶೀನಣ್ಣ. ನವರಾತ್ರಿಯ ಹುಲಿವೇಷಕ್ಕೆ ಮೈಮೇಲೆ ಬಣ್ಣ ಬರೆಯುವವರು. ಅವರ ಕೈಯಿಂದ ಹೊರಟ ಹುಲಿಗಳು ಊರಿಡೀ ಕುಣಿದಿವೆ, ನಿಜವಾದದ್ದನ್ನು ಮಾತ್ರ ಅವರು ಕಂಡವರಲ್ಲ. ಗ್ಲುಕೋಮಾ, ಅಂದರೆ ಕಣ್ಣೊಳಗಿನ ಒತ್ತಡದ ಕಾಯಿಲೆ, ಬಲಗಣ್ಣನ್ನು ಆಗಲೇ ತೆಗೆದುಕೊಂಡಿತ್ತು. ಎಡಗಣ್ಣು ಎಷ್ಟು ದಿನವೋ ಗೊತ್ತಿಲ್ಲ ಎಂದು ಡಾಕ್ಟರು ಹೇಳಿದ್ದರು.

“ಇದೂ ಹೋಗುವ ಮೊದಲು ಒಂದು ಹುಲಿಯ ಮುಖ ಸರಿಯಾಗಿ ನೋಡಬೇಕು ಮಾರಾಯ,” ಎಂದರು ಶೀನಣ್ಣ. ಮೊಬೈಲಿನಲ್ಲಿ ರಾಶಿ ಉಂಟಲ್ಲ ಎಂದೆ.

“ಅದು ಯಾರೋ ತೆಗೆದದ್ದು. ನೀನು ತೆಗೆದರೆ ಹಣೆಯ ಪಟ್ಟೆ ಹೇಗೆ ತಿರುಗ್ತದೆ ಅಂತ ಕೇಳ್ಲಿಕ್ಕೆ ಆಗ್ತದೆ.”

“ತಂದು ಕೊಡ್ತೇನೆ ಮಾರಾಯ,” ಎಂದೆ, ಅವರದೇ ದನಿಯಲ್ಲಿ. ನಕ್ಕರು.

ಡಿಸೆಂಬರಿನಲ್ಲಿ ಹುಲಿ ಸಿಕ್ಕಿತು. ಆದರೆ ಮುಖ ಓರೆ. ಕಂಡದ್ದು ಒಂದೇ ಕಣ್ಣು, ಮೂಗಿಗೆ ಅಡ್ಡವಾಗಿ ಬಿದಿರಿನ ಎಲೆ. ಪೋರ್ಟ್ರೇಟಿನಲ್ಲಿ ಎರಡೂ ಕಣ್ಣು ಶಾರ್ಪ್ ಇರಬೇಕೆಂಬ ಹಟ ನನ್ನದು. ಶೀನಣ್ಣ ಫೋನು ಮಾಡಿ “ಸಿಕ್ಕಿತಾ?” ಎಂದಾಗ, “ಇಲ್ಲ ಶೀನಣ್ಣ, ನಿಮ್ಮ ಹೆಸರು ಕೇಳಿ ಓಡಿಹೋಯ್ತು,” ಎಂದುಬಿಟ್ಟೆ.

ಏಪ್ರಿಲಿನಲ್ಲಿ ಕೆರೆಯ ದಂಡೆಯಲ್ಲಿದ್ದ ಹುಲಿ ನೇರ ನನ್ನ ಲೆನ್ಸನ್ನೇ ನೋಡಿತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಮಾಡಿಸಿ, ಬೈಕಿಗೆ ಕಟ್ಟಿಕೊಂಡು ತೋಡಾರಿಗೆ ಹೋದೆ. ಶೀನಣ್ಣನ ಮಗಳು ವನಜಕ್ಕ ಬಾಗಿಲಲ್ಲಿ ಫ್ರೇಮನ್ನೇ ನೋಡುತ್ತಾ ನಿಂತರು.

“ಅಪ್ಪನಿಗೆ ಈಗ ಬೆಳಕು ಸಹ ಗೊತ್ತಾಗುದಿಲ್ಲ. ತಿಂಗಳಾಯ್ತು.”

ಒಳಗೆ ಹೋಗಿ ಕೈಗೆ ಕೊಟ್ಟೆ. ಶೀನಣ್ಣ ಗಾಜನ್ನು ಒಮ್ಮೆ ಸವರಿ ಫ್ರೇಮನ್ನು ಪಕ್ಕಕ್ಕಿಟ್ಟರು. “ಇಲ್ಲಿ ಬಾ. ನಿನ್ನ ಮುಖದಲ್ಲಿ ತೋರಿಸು.”

ಅವರ ತೋರುಬೆರಳು ಹಿಡಿದು, ಚಿತ್ರ ನೋಡುತ್ತಾ, ನನ್ನ ಹಣೆಯ ಮೇಲೆ ಎಳೆದೆ. ಎಡ ಹುಬ್ಬಿನ ಮೇಲೆ ಮೂರು ಪಟ್ಟೆ, ಬಲಕ್ಕೆ ಎರಡು, ಅದರಲ್ಲೊಂದು ಕವಲೊಡೆದದ್ದು.

“ಎರಡು ಬದಿ ಒಂದೇ ಹಾಗೆ ಇಲ್ವಾ? ನಾನು ಇಷ್ಟು ವರ್ಷ ಒಂದೇ ಹಾಗೆ ಬರೆದೆ.” ಬೆರಳು ತಾನಾಗಿ ಕೆನ್ನೆಗಿಳಿಯಿತು. “ಇದಕ್ಕೆ ಮೊದಲು ಸಿಗಲೇ ಇಲ್ಲ ಅಲ್ವಾ ನಿನಗೆ?”

ಅವರ ಬೆರಳು ಮುಖದ ಮೇಲಿರುವಾಗ ಸುಳ್ಳು ಹೊರಡಲಿಲ್ಲ. ಡಿಸೆಂಬರಿನಲ್ಲಿ ಸಿಕ್ಕಿತ್ತು, ಒಂದೇ ಕಣ್ಣು ಕಾಣುತ್ತಿತ್ತು, ಅದಕ್ಕೆ ತರಲಿಲ್ಲ ಎಂದೆ.

ಬೆರಳು ನಿಂತಿತು. “ಆಗ ನನಗೂ ಒಂದು ಕಣ್ಣು ಇತ್ತಲ್ಲ ಮಾರಾಯ.”

ಬೈಯಲಿಲ್ಲ. ವನಜಕ್ಕನಿಗೆ ಚಹಾ ಇಡಲು ಹೇಳಿದರು.

ಈಗ ಬೆಳ್ತಂಗಡಿಯಲ್ಲಿ ನನ್ನದೇ ಸ್ಟುಡಿಯೊ ಇದೆ. ಮದುವೆಯಾಗಲಿ, ಹುಲಿಯಾಗಲಿ, ಕೇಳಿದವರಿಗೆ ಅದೇ ದಿನ ತೋರಿಸುತ್ತೇನೆ, ಎಲೆ ಅಡ್ಡ ಬಂದಿದ್ದರೂ. ಶೀನಣ್ಣನನ್ನು ಈಗಲೂ ಅವರೆದುರೇ ಅಣಕಿಸುತ್ತೇನೆ, ಅವರೂ ನಗುತ್ತಾರೆ. ಆ ಒಂದು ಕಣ್ಣಿನ ಮಾತನ್ನು ಮಾತ್ರ ಅವರ ದನಿಯಲ್ಲಿ ಹೇಳಲು ಇವತ್ತಿಗೂ ನನ್ನಿಂದಾಗಿಲ್ಲ.