ಹಾಲಿನ ಬಾಕಿಗೆ ಮುಹೂರ್ತ

ಮಾನ್ಯ ಮಿತ್ರರೇ, ನಮ್ಮ ಮನೆಯಲ್ಲಿ ಬಾಕಿ ಕೇಳಲು ಬಂದವರಿಗೆ 'ನಾಳೆ ಬನ್ನಿ' ಎಂದು ಹೇಳಿ ಕಳಿಸುವ ಘನ ಹುದ್ದೆ ನನ್ನದು. ಇಂದು ಸಂಜೆ ಅದನ್ನು ನಿರ್ವಹಿಸಿ ಸುಸ್ತಾಗಿ ಕೂತಿದ್ದೇನೆ.

ಹಾರನಹಳ್ಳಿ ಕಡೆಯಿಂದ ಹಾಲು ತರುವ ಸಣ್ಣಮ್ಮ ಬಾಗಿಲಲ್ಲಿ ನಿಂತಿದ್ದಳು. "ಹೋದ ತಿಂಗಳ ದುಡ್ಡು ಕೊಡ್ಸಪ್ಪಾ. ಹಿಂಡಿ ಅಂಗಡಿಯೋನು ಇನ್ನು ಸಾಲ ಕೊಡಲ್ಲ ಅಂದವ್ನೆ. ಎಮ್ಮೆ ಬರೀ ಹುಲ್ಲು ತಿಂತಾ ಐತೆ."

ಸೋಮವಾರ ಅಮಾವಾಸ್ಯೆ ಎಂದಿದ್ದೆ. ಮಂಗಳವಾರ, ಮಂಗಳವಾರ ಎಂದಿದ್ದೆ. ನಿನ್ನೆ ಅಪ್ಪ ಊರಲ್ಲಿಲ್ಲ ಎಂದಿದ್ದೆ. ಇಂದಿಗೊಂದು ಹೊಸ ನೆಪ ಹುಡುಕುತ್ತಿದ್ದಾಗ ಒಳಗಿಂದ ಅಮ್ಮನ ಅಪ್ಪಣೆಯಾಯಿತು: "ಶುಕ್ರವಾರ ದೀಪ ಹಚ್ಚಿದ ಮೇಲೆ ಲಕ್ಷ್ಮೀನ ಹೊರಗೆ ಕಳಿಸ್ತಾರೇನೋ? ನಾಳೆ ಬರಕ್ಕೆ ಹೇಳು."

ನಾನು ಪುರೋಹಿತರ ಗಾಂಭೀರ್ಯದಿಂದ ಅದನ್ನೇ ಸಾರಿದೆ. ಸಣ್ಣಮ್ಮ ಜಗಳವಾಡಲಿಲ್ಲ. ಅಳೆಯಲು ಎತ್ತಿದ್ದ ಹಾಲನ್ನು ಮತ್ತೆ ಕ್ಯಾನಿಗೇ ಸುರಿದುಕೊಂಡಳು.

"ದಿಟ ಕಣಪ್ಪ. ನಮ್ಮ ಹಟ್ಟೀಲೂ ಇವತ್ತು ಶುಕ್ರವಾರವೇ. ದೀಪ ಹಚ್ಚಿದ್ಮ್ಯಾಲೆ ಹಾಲು ಕೊಟ್ರೆ ನಮ್ಮ ಲಕ್ಷ್ಮೀನೂ ಹೊಂಟೋಯ್ತಾಳೆ. ನಾಳೀಕ್ ಬತ್ತೀನಿ."

ಅವಳು ಬೀದಿಗಿಳಿಯುವುದಕ್ಕೂ ಅಪ್ಪ ಆಫೀಸಿನಿಂದ ಬರುವುದಕ್ಕೂ ಸರಿಹೋಯಿತು. ಜಗಲಿಯಲ್ಲೇ ಕೂತು, "ಎಲ್ಲೇ ಕಾಫಿ?" ಎಂದು ಗುಡುಗಿದರು.

ಅಮ್ಮ ಸಾಸಿವೆ ಡಬ್ಬಿಯ ದುಡ್ಡು ಹಿಡಿದು ಹೊರಗೆ ಓಡಿದಳು. "ಏ ಸಣ್ಣಮ್ಮಾ, ನಿಂತ್ಕೊಳೇ!"

ಬಾಕಿ ಪೂರ್ತಿ ಚುಕ್ತಾ ಆಯಿತು. ಕಾಫಿ ಇಲ್ಲದ ಅಪ್ಪನಿಗಿಂತ ಮುನಿದ ಲಕ್ಷ್ಮಿಯೇ ವಾಸಿ ಎಂದು ಅಮ್ಮ ತೀರ್ಮಾನಿಸಿದಂತಿದೆ.