ಕೇಳದೆ ನೋಡಿದ್ದು

ಹುಣಸೂರಿನ ಹೊಗೆಸೊಪ್ಪಿನ ಹರಾಜಿನಲ್ಲಿ ಬೇಲುಗಳನ್ನು, ಅಂದರೆ ಸೊಪ್ಪಿನ ಮೂಟೆಗಳನ್ನು, ಸಾಲಾಗಿ ಇಟ್ಟಿರುತ್ತಾರೆ, ಪ್ರತಿಯೊಂದರ ಮೇಲೂ ಬೆಲೆಯ ಚೀಟಿ. ರೈತರು ತಮ್ಮದನ್ನಷ್ಟೇ ನೋಡಿ ಹೋಗುವವರಲ್ಲ, ಬಗ್ಗಿ ಬಗ್ಗಿ ಎಲ್ಲರ ಚೀಟಿಯನ್ನೂ ಓದುತ್ತಾರೆ. ಅಪ್ಪನ ಜೊತೆ ಹೋಗಿ ನಾನೂ ಓದಿದವಳೇ. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬಯಲಲ್ಲಿಟ್ಟದ್ದನ್ನು ಓದಿದರೆ ತಪ್ಪೇನು ಎಂಬ ನನ್ನ ಬುದ್ಧಿ ಅಲ್ಲಿಯದು.

ಹುಣಸೂರು ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಕಂಪ್ಯೂಟರ್ ಅಂಗಡಿ. ಬಸ್ಸಿನಲ್ಲಿ ಒಂದು ಗಂಟೆ ದೂರದ ಕೊಪ್ಪದಲ್ಲಿ ಬಟ್ಟೆ ಚೀಲ ಹೊಲಿದು ಮಾರುವ ಗೆಳತಿಗೆ ಹೊರದೇಶದ ಗಿರಾಕಿಗಳು ಕ್ರಿಪ್ಟೋ ಎಂಬ ನೆಟ್ ನಾಣ್ಯದಲ್ಲಿ ದುಡ್ಡು ಕೊಡುತ್ತೇವೆಂದಾಗ, ಅದನ್ನು ಇಟ್ಟುಕೊಳ್ಳಲು ಅವಳ ಫೋನಿನಲ್ಲಿ ವ್ಯಾಲೆಟ್ ಮಾಡಿಕೊಟ್ಟವಳು ನಾನೇ. ಅದರ ವಿಳಾಸವೆಂದರೆ ಅಕ್ಷರ, ಅಂಕಿಗಳ ಉದ್ದದೊಂದು ಸಾಲು. ಹೆಸರಿರುವುದಿಲ್ಲ. ಆದರೆ ಆ ಸಾಲು ಗೊತ್ತಿದ್ದವರು ಬಂದದ್ದು, ಹೋದದ್ದು ಎಲ್ಲವನ್ನೂ ನೆಟ್‌ನಲ್ಲಿ ನೋಡಬಹುದು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನಾನು ನೋಡುತ್ತಿದ್ದೆ. ಅವಳ ಚೀಲ ಮಾರಿಹೋದರೆ ನನಗೇ ಖುಷಿ.

ಪ್ರತಿ ತಿಂಗಳೂ ಒಂದೇ ವಿಳಾಸಕ್ಕೆ ಸ್ವಲ್ಪ ಹೋಗುತ್ತಿತ್ತು. ಕೂಡಿಡುತ್ತಿದ್ದಾಳೆ ಅಂದುಕೊಂಡೆ. ಅವಳ ಗಂಡ ತೀರಿಹೋದ ಮೇಲೆ ಅವನ ಅಣ್ಣ, ಅವಳ ಭಾವನೇ ಮನೆಯ ಯಜಮಾನ. ಮೈಸೂರಿಗೆ ಹೊರಟವನು ಜೆರಾಕ್ಸ್‌ಗೆಂದು ಅಂಗಡಿಗೆ ಬಂದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ನಿಮ್ಮ ತಮ್ಮನ ಹೆಂಡತಿ ಗಟ್ಟಿಗಿತ್ತಿ, ತಿಂಗಳು ತಿಂಗಳು ಎತ್ತಿಡುತ್ತಾಳೆ ಎಂದು ಹೊಗಳಿದೆ. ನೆಟ್‌ನಲ್ಲಿ ಅವಳ ಲೆಕ್ಕ ಕಾಣುವ ಪುಟ ತೆರೆಯುವುದು ಹೇಗೆಂದು ಅವನ ಫೋನಿನಲ್ಲೇ ತೋರಿಸಿಯೂ ಕೊಟ್ಟೆ, ದೊಡ್ಡ ಮೇಡಂ ಥರ.

ಅದು ಕೂಡಿಟ್ಟದ್ದಲ್ಲ. ಬೇರೆ ಜಾತಿಯವನನ್ನು ಮದುವೆಯಾಗಿ ಹೋದ ಮಗಳಿಗೆ ಕಳಿಸುತ್ತಿದ್ದದ್ದು. ಬ್ಯಾಂಕ್ ಪಾಸ್‌ಬುಕ್ ಭಾವನ ಕೈಯಲ್ಲಿತ್ತು, ಅದಕ್ಕೇ ಈ ದಾರಿ. ಆ ಹುಡುಗಿ ಎಲ್ಲಿದ್ದಾಳೆಂದು ಗೊತ್ತಾದರೆ ಉಳಿಸುವುದಿಲ್ಲ ಎಂದಿದ್ದನಂತೆ. ಇದೊಂದೂ ನನಗೆ ತಿಳಿದಿರಲಿಲ್ಲ. ಭಾವ ಅವತ್ತೇ ಮನೆಗೆ ವಾಪಸಾಗಿ, ಅವಳ ಫೋನ್ ಕಿತ್ತುಕೊಂಡು ಮಗಳ ಮೆಸೇಜುಗಳನ್ನೆಲ್ಲ ಓದಿ, ಇರುವ ಊರು ಪತ್ತೆ ಮಾಡಿದ. ಅವನು ಜನ ಕಟ್ಟಿಕೊಂಡು ಹೋಗುವಷ್ಟರಲ್ಲಿ, ಇವಳು ತನ್ನ ಮನೆ ಪಕ್ಕದ ಅಂಗಡಿಯ ಫೋನಿನಿಂದ ಮಗಳಿಗೆ, ಅವನು ನೆಟ್‌ನಲ್ಲಿ ಲೆಕ್ಕ ನೋಡಿದ್ದೂ ಸೇರಿ ಎಲ್ಲ ತಿಳಿಸಿ, ಹೊರಡು ಎಂದಿದ್ದಳು. ಅಲ್ಲಿ ಮನೆ ಖಾಲಿಯಾಗಿತ್ತು. ಆಮೇಲೆ ಮಗಳ ನಂಬರೂ ಸತ್ತುಹೋಯಿತು.

ನನಗೆ ಹೆದರಿಕೆಯಾಗಿ, ಪರಿಚಯದ ವಕೀಲರನ್ನು ಕೇಳಿದೆ. ಎಲ್ಲರಿಗೂ ಕಾಣುವುದನ್ನು ನೋಡಿದ್ದು ಅಪರಾಧವಾಗಲಿಕ್ಕಿಲ್ಲ, ಆದರೆ ಇದು ಇಂಥವಳದೇ ಎಂದು ಗುರುತು ಹಚ್ಚಿ ಇನ್ನೊಬ್ಬರಿಗೆ ಕೊಟ್ಟದ್ದು ಬೇರೆ ಮಾತು, ಅದನ್ನು ಖಚಿತವಾಗಿ ಹೇಳಲಾರೆ ಎಂದರು. ಮೊದಲರ್ಧವನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡು ಕೊಪ್ಪದ ಬಸ್ ಹತ್ತಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾನು ಕಾನೂನು ಹೇಳಿ ಮುಗಿಸುವವರೆಗೂ ಅವಳು ಹೊಲಿಯುತ್ತಲೇ ಇದ್ದಳು. ಆಮೇಲೆ ತಲೆಯೆತ್ತದೆ ಹೇಳಿದಳು.

“ಕೇಸು ಆಕ್ತೀನಿ ಅಂತ ನಾನೆಲ್ಲಂದೆ? ಒಂದ್ ಮಾತು ನನ್ನೇ ಕೇಳಿದ್ರೆ ನಾನೇ ಏಳ್ತಿದ್ದೆ ಕಣಕ್ಕ.”

ಅಷ್ಟಕ್ಕೇ ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ನಾನು ಎದ್ದು ಹೊರಟಾಗ ಬಾಗಿಲ ತನಕ ಬಂದಳು.

“ನೋಡಾದು ಗೊತ್ತಲ್ಲ ನಿಂಗೆ, ದಿನಾ ನೋಡು. ನಾನ್ ಕಳ್ಸಿದ್ದು ಅವ್ಳ್ ತಾವಿಂದ ಒಂದ್ ಪೈಸೆ ಕದಲಿದ್ರೂ ಬದುಕವ್ಳೆ ಅಂತ ನಂಗೇಳು.”

ದಿನಾ ನೋಡುತ್ತೇನೆ. ಅವಳ ಪಕ್ಕದ ಅಂಗಡಿಗೆ ಫೋನ್ ಮಾಡಿ ಅವಳನ್ನು ಕರೆಸಿ, ಇವತ್ತೂ ಇಲ್ಲ ಎನ್ನುತ್ತೇನೆ. ಆ ಹುಡುಗಿ ಬದುಕಿದ್ದರೂ ಆ ದುಡ್ಡು ಮುಟ್ಟಲಾರಳು. ದೊಡ್ಡಪ್ಪನಿಗೂ ಈಗ ಆ ಪುಟ ತೆರೆಯಲು ಬರುತ್ತದೆ, ಪೈಸೆ ಕದಲಿದರೆ ಅವನಿಗೂ ಕಾಣುತ್ತದೆ ಎಂದು ಆ ಹುಡುಗಿಗೆ ಗೊತ್ತು. ಇದನ್ನು ಅವಳ ತಾಯಿಗೆ ನಾನಿನ್ನೂ ಹೇಳಿಲ್ಲ.