ತಂಗಿಗೆ ಸಿಕ್ಕಿದ ದ್ವೀಪ

ಹವಾಯಿಗೆ ಹೋಗುತ್ತಿದ್ದೇನೆ ಎಂದು ನನ್ನ ತಂಗಿ ಫೋನಿನಲ್ಲಿ ಹೇಳಿದಾಗ ನನಗೆ ನೆನಪಾದದ್ದು ಚಪ್ಪಲಿ. ಮೈಸೂರಿನಲ್ಲಿ ಹವಾಯಿ ಎಂದರೆ ಬಚ್ಚಲಿಗೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿ, ನೀಲಿ ಪಟ್ಟಿಯದು.

"ಬಚ್ಚಲಿಗೆ ಹೋಗೋದನ್ನೂ ಫೋನ್ ಮಾಡಿ ಹೇಳ್ಬೇಕೇನೇ?" ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. ಅದು ಸಮುದ್ರದ ನಡುವಿನ ದ್ವೀಪ, ಅಲ್ಲಿನ ಆಸ್ಪತ್ರೆಯಲ್ಲಿ ಅವಳ ಮಗಳಿಗೆ ನರ್ಸ್ ಕೆಲಸ, ಇನ್ನು ಮುಂದೆ ಅವಳೂ ಅಲ್ಲೇ ಇರುತ್ತಾಳೆ ಎಂದು ಗೊತ್ತಾದ ಮೇಲೆ ನನಗೆ ನಗು ಬರಲಿಲ್ಲ. ನಾನು ಆಗಲೇ ಅದೇ ದೇಶದ ಉತ್ತರದ ಮೂಲೆಯಲ್ಲಿ, ಕೆಂಟ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದೆ. ಮಗಳು ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ನನ್ನ ಕಿಟಕಿಯಿಂದ ಕಾಣುವುದು ಗೋಡೌನುಗಳು, ಹಿಂದೆ ಮುಂದೆ ಹೋಗುವ ಲಾರಿಗಳು, ಮಳೆ. ಕೆಂಟಿನ ಮಳೆ ಮನೆ ಅಳಿಯನಿದ್ದ ಹಾಗೆ. ಬಂದರೆ ಹೋಗುವ ಮಾತೇ ಇಲ್ಲ.

ನನ್ನ ಹೊಟ್ಟೆಕಿಚ್ಚು ದ್ವೀಪದಿಂದ ಶುರುವಾದದ್ದಲ್ಲ. ನಾವಿಬ್ಬರೂ ಹೂವಾಡಗಿತ್ತಿಯರು. ಮಾರ್ಕೆಟ್ಟಿನ ಬಾಗಿಲಲ್ಲಿ ಪಕ್ಕ ಪಕ್ಕ ಕೂತು ಹೂವು ಮಾರಿದೆವು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟೆ, ಅವಳು ಎರಡನೆಯದಕ್ಕೆ. ಹೂ ಕಟ್ಟುವುದನ್ನು ಅವಳಿಗೆ ಕಲಿಸಿದವಳು ನಾನು. ಅವಳು ಒಂದು ಮಾರು ಕಟ್ಟುವಷ್ಟರಲ್ಲಿ ನಾನು ಎರಡು ಮಾರು ಕಟ್ಟಿ ಎಲೆ ಅಡಿಕೆಯನ್ನೂ ಹಾಕಿಕೊಂಡಿರುತ್ತಿದ್ದೆ. ಆದರೆ ಹೂವು ಮಾರುವುದು ಮೊಳದ ಲೆಕ್ಕದಲ್ಲಿ. ಅವಳು ಎತ್ತರದವಳು, ಮೊಣಕೈಯಿಂದ ಬೆರಳ ತುದಿಯವರೆಗೆ ಅವಳ ಕೈ ಉದ್ದ. ನನ್ನದು ಗಿಡ್ಡ. ಗಿರಾಕಿಗಳು ನಾನು ಕಟ್ಟಿದ ಹೂವನ್ನು ನೋಡಿ ಹೊಗಳಿ, ಅವಳ ಮೊಳದಲ್ಲಿ ಅಳೆಸಿಕೊಂಡು ಹೋಗುತ್ತಿದ್ದರು. ನಲವತ್ತು ವರ್ಷ ಇದನ್ನು ನೋಡಿಕೊಂಡು ಕೂತವಳು ನಾನು.

ದ್ವೀಪಕ್ಕೆ ಹೋದ ಮೇಲೆ ಅವಳು ದಿನಾ ವಿಡಿಯೋ ಕಾಲ್ ಮಾಡತೊಡಗಿದಳು. ಇಲ್ಲಿ ನಾನು ಎರಡು ಸ್ವೆಟರ್, ಕಾಲಿಗೆ ಉಣ್ಣೆಯ ಚೀಲ ಹಾಕಿಕೊಂಡು ಚಪಾತಿ ಲಟ್ಟಿಸುತ್ತಿದ್ದರೆ ಅಲ್ಲಿ ಅವಳು ಬರಿಗಾಲಲ್ಲಿ ಮರಳಿನ ಮೇಲೆ.

"ನೋಡಕ್ಕ, ಮಾವಿನ ಮರ ಹೂ ಬಿಟ್ಟಿದೆ. ನೋಡಕ್ಕ, ಹಿತ್ಲಲ್ಲೇ ಬಾಳೆಗೊನೆ. ಯುಗಾದಿಗೆ ಬೇವೂ ಇಲ್ಲೇ ಸಿಗುತ್ತೆ ಗೊತ್ತಾ?"

"ಇಲ್ಲೂ ಎಲ್ಲ ಸಿಗುತ್ತೆ ಕಣೇ," ಎನ್ನುತ್ತಿದ್ದೆ. ನಮ್ಮ ಬಾಗಿಲಿಗೆ ಕಟ್ಟಿದ್ದು ಪ್ಲಾಸ್ಟಿಕ್ಕಿನ ಮಾವಿನ ತೋರಣ.

ನನ್ನ ಮುಖ ನೋಡಲಾರದೆ ಮಗಳು ಒಂದು ಭಾನುವಾರ, "ಅಮ್ಮ, ನಮ್ಮಲ್ಲೂ ಐಲ್ಯಾಂಡ್ ಇದೆ, ಬಾ," ಎಂದು ಮರ್ಸರ್ ಐಲ್ಯಾಂಡ್‌ಗೆ ಕರೆದುಕೊಂಡು ಹೋದಳು. ಸೇತುವೆಯ ಮೇಲೆ ಕಾರು ಸರ್ರನೆ ಹೋಯಿತು. ಯಾವಾಗ ದ್ವೀಪ ಬಂತು ಎಂದು ಗೊತ್ತೇ ಆಗಲಿಲ್ಲ. ದೊಡ್ಡ ದೊಡ್ಡ ಮನೆಗಳು, ಸೂಜಿ ಎಲೆಯ ಮರಗಳು, ತಣ್ಣನೆಯ ಕೆರೆ. ಕೆರೆಯ ಮುಂದೆ ನಿಂತು ಫೋಟೋ ತೆಗೆಸಿ ತಂಗಿಗೆ ಕಳಿಸಿ, ನಾನೂ ದ್ವೀಪಕ್ಕೆ ಬಂದಿದ್ದೇನೆ ಎಂದು ಹೇಳಿದೆ.

ನಾವು ವಾಪಸು ಕಾರು ಹತ್ತುವಷ್ಟರಲ್ಲಿ ಅವಳು ಫೋನ್ ಮಾಡಿದಳು. "ದ್ವೀಪ ಚೆನ್ನಾಗಿದೆ ಅಕ್ಕ. ಆದ್ರೆ ಮಂಗನ ಟೋಪಿ ಯಾಕೆ ಹಾಕ್ಕೊಂಡಿದೀಯ?"

ಹಿಂದಿನ ಸೀಟಿನಲ್ಲಿದ್ದ ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವುದು ಇಂಗ್ಲಿಷಿನಲ್ಲೇ. "ಅಜ್ಜಿ, ಯು ಆರ್ ಸೋ ಜೆಲಸ್," ಎಂದಳು. ಹೌದು. ಕನ್ನಡದಲ್ಲಿ ಅದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೊಟ್ಟೆಯಲ್ಲಿ ಅಷ್ಟು ಕಿಚ್ಚಿದ್ದರೂ ನನ್ನ ಕಾಲು ಮಾತ್ರ ಬೆಚ್ಚಗಾಗಲಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎನ್ನುತ್ತಾರೆ. ಕೆಂಟಿನ ಚಳಿಗೆ ಶಿವನ ಹೆಸರೂ ಗೊತ್ತಿಲ್ಲ. ಈ ವರ್ಷ ಶಿವರಾತ್ರಿ ಕಳೆದ ಮೇಲೂ ನನ್ನ ಮೊಣಕಾಲು ಮಡಿಸಲು ಬರುತ್ತಿರಲಿಲ್ಲ. ಮಗಳು ಮೂರು ವಾರಕ್ಕೆ ಟಿಕೆಟ್ ಮಾಡಿಸಿ ನನ್ನನ್ನು ತಂಗಿಯ ಹತ್ತಿರ ಕಳಿಸಿದಳು. ನಾನು ಪೆಟ್ಟಿಗೆಗೆ ತುಂಬಿದ್ದು ಮೂರು ವಾರದ ಸೀರೆಗಳನ್ನಲ್ಲ, ಇದ್ದಬದ್ದ ತೆಳು ಸೀರೆಗಳನ್ನೆಲ್ಲ. ತಂಗಿ ಒಂದು ಮಾತು ಹೇಳಬೇಕು, "ಅಕ್ಕ, ಅಲ್ಲಿ ಬಿಸಿಲು ಬರೋವರೆಗೂ ಇಲ್ಲೇ ಇರು," ಎಂದು. ನನಗೆ ಬೇಕಿದ್ದದ್ದು ಅಷ್ಟೇ. ಆದರೆ ನಾನಾಗಿ ಕೇಳುವವಳಲ್ಲ. ಅವಳ ಮುಂದೆ ಯಾವತ್ತೂ ಏನನ್ನೂ ಕೇಳಿದವಳಲ್ಲ.

ವಿಮಾನ ನಿಲ್ದಾಣದಲ್ಲಿ ಅವಳು ಓಡಿ ಬಂದು ನನ್ನ ಕೊರಳಿಗೆ ಹಾರ ಹಾಕಿದಳು. ನೋಡಿದರೆ ದೇವಕಣಗಿಲೆ! ಹೆಸರಿನಲ್ಲಿ ದೇವರಿದ್ದರೂ ನಾವು ಯಾವತ್ತೂ ಮಾರಿದ ಹೂವಲ್ಲ ಅದು. ನಮ್ಮ ಕಡೆ ಸ್ಮಶಾನದ ಗೋಡೆಯ ಪಕ್ಕ ಬೆಳೆಯುವ ಮರ.

"ಬದುಕಿದೀನಿ ಕಣೇ ಇನ್ನೂ!" ಎಂದು ಕೂಗಿದೆ.

"ಅಯ್ಯೋ, ಇಲ್ಲಿ ಇದೇ ಮರ್ಯಾದೆ ಅಕ್ಕ. ಬಂದವರಿಗೆಲ್ಲ ಹಾಕ್ತಾರೆ."

ಹಾರವನ್ನು ಕಿತ್ತು ತಿರುಗಿಸಿ ನೋಡಿದೆ. ಪ್ರತಿ ಹೂವಿನ ನಡುವೆ ತೂತು. "ಸೂಜೀಲಿ ಪೋಣಿಸಿದೀಯಾ? ಮೊಗ್ಗಿನ ಜಡೆಗೆ ಬಿಟ್ಟು ಇನ್ಯಾವುದಕ್ಕೂ ಹೂವಿಗೆ ಸೂಜಿ ತಾಗಿಸಬೇಡ ಅಂತ ಹೇಳಿಕೊಟ್ಟಿರಲಿಲ್ವಾ?"

ಅವಳು ಪೆಟ್ಟಿಗೆ ಎತ್ತಿಕೊಂಡಳು. "ಕಲ್ಲು ತಂದಿದೀಯಾ ಇದರಲ್ಲಿ?" ಎಂದಳು. ಸೀರೆ ಎಂದು ನಾನು ಹೇಳಲಿಲ್ಲ.

ಆ ದ್ವೀಪವನ್ನು ಬೈಯೋಣವೆಂದರೆ ಬೈಯಲು ಏನೂ ಸಿಗಲಿಲ್ಲ. ಅಲ್ಲಿಯೂ ಮಳೆ ಬರುತ್ತದೆ. ಒಳ್ಳೆಯ ನೆಂಟರ ಹಾಗೆ ಹತ್ತು ನಿಮಿಷ ಇದ್ದು, ಕಾಮನಬಿಲ್ಲು ಇಟ್ಟು ಹೋಗುತ್ತದೆ. ಬಾಗಿಲ ಹೊರಗೆ ಎಲ್ಲರೂ ಚಪ್ಪಲಿ ಬಿಡುತ್ತಾರೆ, ಥೇಟು ನಮ್ಮ ಹಾಗೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಸಮುದ್ರದ ದಂಡೆಗೆ ಹೋದರೆ ಬಿಸಿಲು ಏರುವ ತನಕ ಕೂತಿರುವುದು, ಇನ್ನೇನೂ ಕೆಲಸವಿಲ್ಲ. ಒಂದು ದಿನ ನೀರಿನಲ್ಲಿ ಕರಿ ಬೆನ್ನೊಂದು ಎದ್ದು ಮುಳುಗಿತು. ತಿಮಿಂಗಿಲವಂತೆ. ಅವಳು ಏನೂ ಆಗದವಳ ಹಾಗೆ, "ಅವು ವರ್ಷಾ ವರ್ಷಾ ಬರ್ತಾವೆ ಅಕ್ಕ, ಚಳಿ ಅಂತ ಬಂದು ಮರಿ ಹಾಕ್ಕೊಂಡು ಹೋಗ್ತಾವೆ," ಎಂದಳು. ತಿಮಿಂಗಿಲಕ್ಕೂ ಚಳಿಗಾಲಕ್ಕೆ ಇಲ್ಲಿ ಬಂದಿರಲು ಅಪ್ಪಣೆಯಿದೆ, ನನಗೆ ಮೂರು ವಾರ. ಒಂದು ವಾರಕ್ಕೆ ನನ್ನ ಮೊಣಕಾಲು ಮಡಿಸಲು ಬಂತು. ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಉಂಡೆ. ಅದನ್ನು ನೋಡಿ ತಂಗಿಯ ಮಗಳು ಹೇಳಿದಳು:

"ದೊಡ್ಡಮ್ಮ, ನೀವು ಮೇ ತನಕ ಇಲ್ಲೇ ಇರಿ. ಟಿಕೆಟ್ ಚೇಂಜ್ ಮಾಡೋದು ಎರಡು ನಿಮಿಷದ ಕೆಲಸ. ಅಲ್ವಾ ಅಮ್ಮ?"

ತಂಗಿ ಬಾಳೆಹಣ್ಣು ಸುಲಿಯುತ್ತಿದ್ದಳು. "ನೋಡೋಣ. ಗುರುವಾರ ಕಳೀಲಿ," ಎಂದಳು. ಅವಳ ಮುಖ ನಗುತ್ತಿತ್ತು. ಹೇಳಿಯೇ ಬಿಡುತ್ತಾಳೆ ಎಂದುಕೊಂಡೆ.

ಪ್ರತಿ ಗುರುವಾರ ಅಲ್ಲೊಂದು ಗುಂಪು ಸೇರುತ್ತದೆ. ಸಮುದ್ರದ ಪಕ್ಕದ ಪಾರ್ಕಿನಲ್ಲಿ ಆಲದ ಮರದ ಕೆಳಗೆ ಆ ಬೀದಿಯ ಹತ್ತು ಹನ್ನೆರಡು ಮುದುಕಿಯರು ಕೂತು ಹಾರ ಮಾಡುತ್ತಾರೆ, ಹಾಡುತ್ತಾರೆ, ಹರಟುತ್ತಾರೆ. ನಮ್ಮಲ್ಲಿ ಯಾರನ್ನಾದರೂ ಆಂಟಿ ಎಂದರೆ ಮುಖ ಸಿಂಡರಿಸುತ್ತಾರೆ. ಅಲ್ಲಿ ಅದು ದೊಡ್ಡ ಮರ್ಯಾದೆಯ ಮಾತು. ಆ ಗುರುವಾರ ನಾನೂ ಜೊತೆಗೆ ಹೋದೆ. ನನ್ನ ತಂಗಿಯನ್ನು ಎಲ್ಲರೂ ಆಂಟಿ, ಆಂಟಿ ಎಂದು ಕರೆದು ನಡುವೆ ಕೂರಿಸಿದರು. ಅವಳು ಉದ್ದನೆಯ ಸೂಜಿಗೆ ಒಂದರ ಹಿಂದೆ ಒಂದು ಹೂವು ಏರಿಸುತ್ತಿದ್ದರೆ ಬಣ್ಣ ಜೋಡಿಸುವುದನ್ನು ಅವಳಿಂದ ಕೇಳಿ ಕೇಳಿ ಕಲಿಯುತ್ತಿದ್ದರು. ಅವಳಿಗೆ ಇಂಗ್ಲಿಷ್ ಬರುವುದು ನನ್ನಷ್ಟೇ. ಎಸ್, ನೋ, ಬ್ಯೂಟಿಫುಲ್. ಅಷ್ಟರಲ್ಲೇ ಮೇಷ್ಟರಾಗಿಬಿಟ್ಟಿದ್ದಳು.

"ಅಕ್ಕ, ನೀನು ಸುಮ್ನೆ ಕೂತಿರು. ಸಮುದ್ರ ನೋಡು," ಎಂದಳು.

"ಯಾಕೆ, ನನ್ನ ಕೈಗೆ ಲಕ್ವ ಹೊಡೆದಿದ್ಯಾ?"

"ಹಾಗಲ್ಲ ಅಕ್ಕ. ಬಂದಿರೋದು ಆರಾಮಾಗಿರೋಕೆ ಅಲ್ವಾ?"

ಸ್ವಲ್ಪ ಹೊತ್ತು ಸಮುದ್ರ ನೋಡಿದೆ. ಅಲ್ಲೇ ಒಂದು ಬುಟ್ಟಿಯಲ್ಲಿ ದುಂಡು ಮಲ್ಲಿಗೆ ಇತ್ತು, ಇನ್ನೂ ಬಿರಿಯದ ಮೊಗ್ಗು. ಅದಕ್ಕೂ ಯಾರೋ ಸೂಜಿ ಚುಚ್ಚುತ್ತಿದ್ದರು. ನನ್ನಿಂದ ನೋಡಲಾಗಲಿಲ್ಲ ಎಂದು ಹೇಳಿದರೆ ಅರ್ಧ ಸತ್ಯ. ನಡುವೆ ಕೂತ ತಂಗಿಯನ್ನೂ ನೋಡಲಾಗಲಿಲ್ಲ. ಎದ್ದು ಹೋಗಿ ಪಾರ್ಕಿನ ಅಂಚಿನ ಬಾಳೆಗಿಡದಿಂದ ಒಣಗಿದ ಪಟ್ಟೆ ಎಳೆದು ತಂದೆ. ನೀರಿನಲ್ಲಿ ನೆನೆಸಿ, ಉಗುರಿನಲ್ಲಿ ಸೀಳಿ ನಾರು ತೆಗೆದೆ. ಕೂತೆ. ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ, ಬೆರಳಲ್ಲಿ ಕುಣಿಕೆ, ಒಂದು ಎಳೆತ. ಮತ್ತೆ ಎರಡು, ಮತ್ತೆ ಎರಡು. ವರ್ಷಗಳಾಗಿದ್ದವು, ಕೈ ಮರೆತಿರಲಿಲ್ಲ.

"ನೋ ನೀಡಲ್?" ಎಂದು ಒಬ್ಬ ಬೆಳ್ಳಿಕೂದಲಿನ ಮುದುಕಿ ಬಗ್ಗಿದಳು. ಅವಳೇ ಆ ಗುಂಪಿನ ಹಿರಿಯಳು.

"ನೋ ನೀಡಲ್," ಎಂದೆ. "ನೀಡಲ್ ಬ್ಯಾಡ್."

ಒಬ್ಬೊಬ್ಬರಾಗಿ ಸೂಜಿ ಕೆಳಗಿಟ್ಟು ನನ್ನ ಸುತ್ತ ಬಂದು ಕೂತರು. ಫೋನಿನಲ್ಲಿ ನನ್ನ ಬೆರಳಿನ ವಿಡಿಯೋ ತೆಗೆದರು. ಬೇಕೆಂದೇ ಇನ್ನೂ ಜೋರಾಗಿ ಕಟ್ಟಿದೆ. ಹಿರಿಯಳು ನನ್ನನ್ನೂ ಆಂಟಿ ಎಂದಳು. ನಾನು ತಲೆಯೆತ್ತಿ ನೋಡಿದಾಗ ನಡುವಿನ ಜಾಗದಲ್ಲಿ ತಂಗಿ ಒಬ್ಬಳೇ ಕೂತಿದ್ದಳು, ಸೂಜಿಯಲ್ಲಿ ಅರ್ಧ ಹಾರ. ಅಷ್ಟು ಸಂತೋಷ ನನಗೆ ಬಹಳ ವರ್ಷದಿಂದ ಆಗಿರಲಿಲ್ಲ. ಸುಳ್ಳು ಯಾಕೆ ಹೇಳಲಿ?

ಮರುದಿನ ತಂಗಿಯ ಮಗಳು ಮತ್ತೆ ಟಿಕೆಟ್ಟಿನ ಮಾತೆತ್ತಿದಳು.

"ಬೇಡ," ಎಂದಳು ತಂಗಿ, ನನ್ನ ಕಡೆ ನೋಡದೆ. "ಅಕ್ಕಂಗೆ ಅಲ್ಲಿ ಮೊಮ್ಮಗಳು ಕಾಯ್ತಿರ್ತಾಳೆ. ಪಾಪ ಮಗು."

ಆ ಪಾಪದ ಮಗುವಿಗೆ ಹದಿನಾರು ವರ್ಷ, ನಾನು ಕರೆದರೆ ಕಿವಿಯಿಂದ ಇಯರ್‌ಫೋನ್ ತೆಗೆಯುವುದಿಲ್ಲ. ನಾನು ತಂಗಿಯ ಹಿಂದೆಯೇ ಹಿತ್ತಲಿಗೆ ಹೋದೆ.

"ಏನೇ ಅದು ನಿನ್ನ ಕೋಪ? ನಾಲ್ಕು ಮೊಗ್ಗು ಕಟ್ಟಿದ್ದಕ್ಕಾ?"

ಅವಳು ಬಟ್ಟೆ ಒಣಹಾಕುತ್ತಿದ್ದಳು. "ಮಾರ್ಕೆಟ್ಟಲ್ಲಿ ಇದ್ದಷ್ಟು ದಿನ ನಾನು ನಿನ್ನ ತಂಗಿ ಅಕ್ಕ. ಜನ ನನ್ನ ಹತ್ರ ಬರ್ತಿದ್ದಿದ್ದು ನನ್ನ ಮೊಳಕ್ಕೆ, ನನ್ನ ಕೆಲಸಕ್ಕಲ್ಲ. ಅದು ನಿಂಗೂ ಗೊತ್ತು, ನಂಗೂ ಗೊತ್ತು. ಇಲ್ಲಿ ಬಂದ್ಮೇಲೆ ಮೊದಲ ಸಲ ನಾಲ್ಕು ಜನ ನನ್ನ ಕೈ ನೋಡಿದ್ರು. ಒಂದೇ ದಿನದಲ್ಲಿ ನೀನು ಬಂದು ಅದನ್ನೂ ತಗೊಂಡ್ಬಿಟ್ಟೆ."

"ಕಲಿಸಿದ್ದು ಯಾರು ನಿಂಗೆ?"

"ನೀನೇ. ಅದಕ್ಕೇ ಸೂಜಿ ಹಿಡ್ದಿದ್ದು. ಕಟ್ಟೋಕೆ ಕೂತ್ರೆ ನೀನು ಇಲ್ದೇ ಇದ್ರೂ ಪಕ್ಕದಲ್ಲಿ ನೀನೇ ಕೂತಿರ್ತೀಯ, ಬೇಗ ಕಟ್ಟೇ ಅಂತ ಬೈಕೊಂಡು."

ನಲವತ್ತು ವರ್ಷ ಹೊಟ್ಟೆಕಿಚ್ಚು ನನಗೊಬ್ಬಳಿಗೇ ಎಂದುಕೊಂಡಿದ್ದೆ. ಅವಳಿಗೂ ಇತ್ತು ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು. ತಪ್ಪಾಯಿತು ಎಂದು ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಟಿಕೆಟ್ ಬದಲಾಗುತ್ತಿತ್ತೋ ಏನೋ. ನಾನು ಹೇಳಿದ್ದು, "ಮಲ್ಲಿಗೆಗೆ ಸೂಜಿ ಚುಚ್ಚಿದ್ದು ತಪ್ಪು ತಪ್ಪೇ," ಎಂದು.

ಮೂರು ವಾರಕ್ಕೆ ಸರಿಯಾಗಿ ಹೊರಟೆ. ಉಟ್ಟದ್ದಕ್ಕಿಂತ ಉಡದ ಸೀರೆಗಳೇ ಹೆಚ್ಚಿದ್ದವು.

ಕೆಂಟ್‌ಗೆ ಬಂದರೆ ಬೀದಿಯ ಚೆರ್ರಿ ಮರಗಳು ತುಂಬ ಹೂ ಬಿಟ್ಟಿದ್ದವು. ಕಟ್ಟಲೂ ಬಾರದ, ಪೋಣಿಸಲೂ ಬಾರದ, ಮಳೆಗೆ ಉದುರಿ ಲಾರಿಯ ಚಕ್ರಕ್ಕೆ ಅಂಟುವ ಹೂವು. ಎರಡು ದಿನಕ್ಕೆ ಮೊಣಕಾಲು ಮತ್ತೆ ಹಿಡಿದುಕೊಂಡಿತು. ತಂಗಿಯ ಕಾಲ್ ಬರಲಿಲ್ಲ. ಯುಗಾದಿಯ ದಿನವೂ ಬರಲಿಲ್ಲ. ಅವಳು ಸಮುದ್ರ ತೋರಿಸಿದರೆ ಉರಿಯುತ್ತಿತ್ತು, ತೋರಿಸದೇ ಇದ್ದಾಗ ಇನ್ನೂ ಉರಿಯಿತು. ಗುರುವಾರ ಬಂದರೆ ಅವರೆಲ್ಲ ಈಗ ಯಾರ ಸುತ್ತ ಕೂತಿರುತ್ತಾರೆ ಎಂದು ಯೋಚಿಸುತ್ತಿದ್ದೆ.

ಕೊನೆಗೆ ಮೊದಲು ಫೋನ್ ಮಾಡಿದವಳು ನಾನೇ. ಈ ವಯಸ್ಸಿಗೆ ಅದೊಂದು ಹೊಸದು.

"ಏನಕ್ಕ?" ಎಂದಳು. ಹಿಂದೆ ಅಲೆಯ ಸದ್ದು.

"ಏನಿಲ್ಲ. ಚಳಿ."

"ಏಪ್ರಿಲ್ಲಲ್ಲೂ?"

"ಹೂಂ. ಮುಂದಿನ ಚಳಿಗಾಲಕ್ಕೆ ನಿನ್ನ ಮನೇಲಿ ಬಂದು ಇರ್ಲಾ?"

ಎಪ್ಪತ್ತು ವರ್ಷದಲ್ಲಿ ಅವಳನ್ನು ನಾನು ಕೇಳಿದ್ದು ಅದೇ ಮೊದಲು. ಕಾಲ್ ಕಟ್ಟಾಯಿತೇನೋ ಎಂದು ಫೋನನ್ನು ನೋಡಿಕೊಂಡೆ.

"ಬಾ," ಎಂದಳು. "ನವೆಂಬರಿಗೇ ಬಾ. ಇರೋವಷ್ಟು ದಿನ ಇರು. ಆದ್ರೆ ಗುರುವಾರ ನೀನು ಮನೇಲಿರ್ಬೇಕು."

"ಗುರುವಾರ ನಾನೇನು ಮಾಡ್ಲಿ ಒಬ್ಳೇ?"

"ಅಡುಗೆ ಮಾಡು. ಮಲಕ್ಕೋ. ಏನಾದ್ರೂ ಮಾಡು. ಪಾರ್ಕಿಗೆ ಬರಂಗಿಲ್ಲ."

"ಅವರು ನನ್ನ ಕೇಳ್ತಾರಾ?"

"ಕೇಳ್ತಾರೆ," ಎಂದಳು, ಹಲ್ಲು ಕಚ್ಚಿಕೊಂಡು. "ವಾರಾ ವಾರಾ ಕೇಳ್ತಾರೆ."

ಆ ಒಂದು ಮಾತಿಗೆ ನನ್ನ ಮೈ ಬೆಚ್ಚಗಾಯಿತು. ಆಗಲಿ, ಬರುವುದಿಲ್ಲ ಎಂದು ಮಾತು ಕೊಟ್ಟೆ. ಮಗಳು ನವೆಂಬರಿಗೆ ಟಿಕೆಟ್ ಮಾಡಿಸಿದ್ದಾಳೆ. ಮಾತು ಉಳಿಸಿಕೊಳ್ಳುತ್ತೇನೆ ಎಂದೇ ಅಂದುಕೊಂಡಿದ್ದೇನೆ. ಆದರೆ ಆ ಪಾರ್ಕು ತಂಗಿಯ ಮನೆಯಿಂದ ನಾಲ್ಕು ಹೆಜ್ಜೆ, ಅಲ್ಲಿ ಹಾಡಿದರೆ ಅಡುಗೆಮನೆಗೆ ಕೇಳಿಸುತ್ತದೆ.